ಮಾರೇನಹಳ್ಳಿಗೆ ಬಂದ ಡಿವಿಡೆಂಡು

ಮೂವತ್ನಾಲ್ಕು ವರ್ಷ ಸರ್ಕಾರದ ಲೆಕ್ಕಪತ್ರಗಳ ಕಚೇರಿಯಲ್ಲಿ ಕೂತಿದ್ದಾಗಲೂ ಬಾರದ ರಕ್ತದೊತ್ತಡ ಗುಂಡಣ್ಣನವರಿಗೆ ಯೂನಿಟ್ಟಿನ ಏಜೆನ್ಸಿ ಹಿಡಿದ ಒಂದೇ ವರ್ಷಕ್ಕೆ ಬಂತು. ಡಾಕ್ಟರು ಉಪ್ಪು ಬಿಡಿ ಎಂದರು. ಹೆಂಡತಿ ಸರಸ್ವತಿ, ಬಿಡಬೇಕಾದ್ದು ಉಪ್ಪಲ್ಲ, ಆ ಕರೀ ಚೀಲ ಎಂದರು. ಕರೀ ಚೀಲದಲ್ಲಿ ಅರ್ಜಿ ಫಾರಂಗಳು, ಕಾರ್ಬನ್ ಹಾಳೆ, ರಸೀತಿ ಪುಸ್ತಕ, ಹೆಬ್ಬೆಟ್ಟು ಒತ್ತುವವರಿಗಾಗಿ ಒಂದು ಇಂಕ್ ಪ್ಯಾಡು ಇದ್ದವು. ಅದನ್ನು ಹೆಗಲಿಗೆ ಹಾಕಿಕೊಂಡು ಜಯನಗರದ ನಾಲ್ಕನೇ ಬ್ಲಾಕಿನ ಮನೆಯಿಂದ ಬೆಳಗ್ಗೆ ಹೊರಟರೆಂದರೆ ಊಟದ ಹೊತ್ತಿಗೆ ಮುಖ ಕೆಂಪಗೆ ಮಾಡಿಕೊಂಡೇ ವಾಪಸ್ಸು ಬರುತ್ತಿದ್ದರು.

ಹೇಳಬೇಕಾದ ವಿಷಯವೇನೂ ಬ್ರಹ್ಮವಿದ್ಯೆಯಲ್ಲ. ಒಂದು ಯೂನಿಟ್ಟಿಗೆ ಹತ್ತು ರೂಪಾಯಿ. ಊರೂರಿನ ಜನರ ಹತ್ತು ಹತ್ತು ರೂಪಾಯಿಯನ್ನು ಒಟ್ಟುಹಾಕಿ, ಬೊಂಬಾಯಿಯಲ್ಲಿ ಕೂತ ಬಲ್ಲವರು ಅದನ್ನು ಹತ್ತಾರು ಕಂಪನಿಗಳ ಷೇರುಗಳಿಗೂ ಸಾಲಪತ್ರಗಳಿಗೂ ಹಂಚಿಹಾಕುತ್ತಾರೆ. ಒಂದು ಕಂಪನಿ ನೆಲ ಕಚ್ಚಿದರೆ ಇನ್ನೊಂದು ಕೈ ಹಿಡಿಯುತ್ತದೆ. ಬಂದ ಲಾಭ ವರ್ಷಕ್ಕೊಂದು ಸಲ ಡಿವಿಡೆಂಡು ಎಂದು ಮನೆಗೇ ಬರುತ್ತದೆ. ಬೇಡವೆನಿಸಿದ ದಿನ ಯೂನಿಟ್ಟು ವಾಪಸ್ಸು ಕೊಟ್ಟು ದುಡ್ಡು ತೆಗೆದುಕೊಳ್ಳಬಹುದು. ಸರ್ಕಾರವೇ ಮುಂದೆ ನಿಂತು ಅರವತ್ನಾಲ್ಕರಲ್ಲಿ ಶುರುಮಾಡಿಸಿದ ಯೋಜನೆ. ಇದರಲ್ಲಿ ಅರ್ಥವಾಗದೇ ಇರುವುದು ಏನಿದೆ ಎಂದು ಗುಂಡಣ್ಣನವರು ದೇವರ ಪಟದ ಮುಂದೆ ನಿಂತೂ ಒಂದೆರಡು ಸಲ ಕೇಳಿದ್ದುಂಟು.

ಆದರೆ ಜಯನಗರದವರು ಓದಿದ ಜನ. ಓದಿದವರ ಸಹವಾಸ ಎಂಥದೆಂದು ತಿಳಿಯಬೇಕಾದರೆ ಅವರಿಗೆ ಏನಾದರೂ ಮಾರಲು ಹೋಗಬೇಕು. ಪಕ್ಕದ ಮನೆಯ ರಾಮಪ್ರಸಾದರನ್ನೇ ತೆಗೆದುಕೊಳ್ಳಿ. ನಿವೃತ್ತ ಹೆಡ್‌ಮಾಸ್ಟರು, ಮೂರು ಪತ್ರಿಕೆ ಓದುವವರು. ನಾಲ್ಕು ತಿಂಗಳು ಯೋಚನೆ ಮಾಡಿ ಇಪ್ಪತ್ತೈದು ಯೂನಿಟ್ಟು ತೆಗೆದುಕೊಂಡರು. ಆ ಇನ್ನೂರೈವತ್ತು ರೂಪಾಯಿ ಹೋದ ದಿನದಿಂದ ಗುಂಡಣ್ಣನವರಿಗೆ ಬೆಳಗಿನ ಕಾಫಿ ನೆಮ್ಮದಿಯಾಗಿ ಇಳಿಯಲಿಲ್ಲ. ಲೋಟ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಕಾಂಪೌಂಡಿನಾಚೆಯಿಂದ ಮಫ್ಲರು ಸುತ್ತಿದ ತಲೆ ಎದ್ದು, "ಗುಂಡಣ್ಣ, ಇವತ್ತು ಎಷ್ಟಾಗಿದೆ?" ಎನ್ನುತ್ತಿತ್ತು. ಯೂನಿಟ್ಟಿನ ಬೆಲೆ ಐದು ಪೈಸೆ ಏರಿದ್ದರೆ ಮಾರಿಬಿಡೋಣವೇ ಎಂದು ಕೇಳುವರು. ಐದು ಪೈಸೆ ಇಳಿದಿದ್ದರೆ, ಅಂತೂ ನನ್ನನ್ನು ಮುಳುಗಿಸಿದಿರಿ ಎಂದು ನಿಟ್ಟುಸಿರು ಬಿಡುವರು. ಹತ್ತು ವರ್ಷಕ್ಕೆಂದು ಇಟ್ಟ ದುಡ್ಡನ್ನು ದಿನಾ ಬೆಳಗ್ಗೆ ಎಬ್ಬಿಸಿ ಜ್ವರ ನೋಡಬಾರದು ಎಂದು ಗುಂಡಣ್ಣನವರು ನೂರು ಸಲ ಹೇಳಿದ್ದರು. ಹೆಡ್‌ಮಾಸ್ಟರು ನೂರು ಸಲವೂ ಹೌದೌದು ಎಂದಿದ್ದರು.

ಎರಡನೇ ಮುಖ್ಯರಸ್ತೆಯ ಉಮಾಮಹೇಶ್ವರಿಯವರದು ಇನ್ನೊಂದು ಬಗೆ. ಆಕೆ ನಮ್ಮ ದುಡ್ಡು ಯಾವ ಯಾವ ಕಂಪನಿಗೆ ಹೋಗುತ್ತದೆ ಎಂದು ಕೇಳಿದರು. ಒಳ್ಳೇ ಪ್ರಶ್ನೆ ಎಂದು ಗುಂಡಣ್ಣನವರು ಹಿಗ್ಗಿ, ಜವಳಿ, ಉಕ್ಕು, ಸಕ್ಕರೆ, ಸಿಮೆಂಟು ಎಂದು ಹೇಳುತ್ತಾ ಸಿಗರೇಟೂ ಇರಬಹುದು ಎಂದುಬಿಟ್ಟರು. ಅಲ್ಲಿಗೆ ಕೆಟ್ಟಿತು. ತಮ್ಮ ನೂರು ರೂಪಾಯಿ ಮಾತ್ರ ಸಿಗರೇಟಿಗೆ ಹಾಕಕೂಡದು, ಸಕ್ಕರೆಗೆ ಹಾಕಲಿ, ಹಾಗಂತ ಬೊಂಬಾಯಿಗೆ ಒಂದು ಕಾಗದ ಬರೆದುಬಿಡಿ ಎಂದು ಆಕೆ ಪಟ್ಟು ಹಿಡಿದರು. ಎಲ್ಲರ ದುಡ್ಡೂ ಒಂದೇ ಪಾತ್ರೆಯಲ್ಲಿ ಬೆರೆತ ಮೇಲೆ ನಿಮ್ಮದು ಯಾವುದು, ಅವರದು ಯಾವುದು ಎಂದು ಸೋಸಲಾಗುವುದಿಲ್ಲ ಎಂದು ಗುಂಡಣ್ಣನವರು ಮುಕ್ಕಾಲು ಗಂಟೆ ವಿವರಿಸಿದರು. ಆಕೆ ಮಜ್ಜಿಗೆ ಕೊಟ್ಟರು, ಸಹಿ ಕೊಡಲಿಲ್ಲ.

ಇಂಥ ಊರಿನಲ್ಲಿ ಬುದ್ಧಿಯ ಪ್ರಶ್ನೆ ಕೇಳಿದ್ದು ಒಬ್ಬರೇ, ಸೊಪ್ಪಿನ ಮುನಿಲಕ್ಷ್ಮಮ್ಮ. ಆಕೆಯದು ಮಾರೇನಹಳ್ಳಿ. ನಾಲ್ಕನೇ ಬ್ಲಾಕಿನ ಮನೆಗಳು ಮುಗಿದ ಮೇಲೆ ತೆಂಕಲಾಗಿ ಹೊಲಗಳ ನಡುವೆ ನಡೆದರೆ ಸಿಗುವ ಹಳ್ಳಿ. ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಅಂಜನಮ್ಮ ಎಂಬ ಮದುವೆಗೆ ಬಂದ ಮಗಳಿದ್ದಳು. ದಿನ ಬಿಟ್ಟು ದಿನ ಆಕೆ ಬುಟ್ಟಿ ಹೊತ್ತು ಬಂದು ಸರಸ್ವತಿಯವರಿಗೆ ದಂಟು, ಹರಿವೆ, ಕಾಲಕ್ಕೆ ತಕ್ಕಂತೆ ಅವರೆಕಾಯಿ ಕೊಟ್ಟುಹೋಗುತ್ತಿದ್ದಳು. ಬಡಾವಣೆಗೆಂದು ಸರ್ಕಾರ ತೆಗೆದುಕೊಂಡ ಎರಡು ಎಕರೆಯ ಪರಿಹಾರ ಏಳು ವರ್ಷ ಅಲ್ಲಿ ಇಲ್ಲಿ ಅಲೆದು ಅರವತ್ನಾಲ್ಕರ ಶ್ರಾವಣದಲ್ಲಿ ಆಕೆಯ ಕೈಗೆ ಬಂತು. ಮೂರು ಸಾವಿರ ರೂಪಾಯಿ. ಮಗಳ ಮದುವೆ, ತನ್ನ ಮುಂದಿನ ದಿನಗಳು, ಎಲ್ಲಕ್ಕೂ ಅದೇ. ಅದಲ್ಲದೆ ಉಳಿದಿದ್ದು ಕೆರೆಯ ಕೆಳಗಿನ ಒಂದು ಎಕರೆ ಹನ್ನೆರಡು ಗುಂಟೆ ಹೊಲ, ಒಂದು ಬಾವಿ.

ಗುಂಡಣ್ಣನವರು ಯೂನಿಟ್ಟಿನ ವಿಷಯ ಹೇಳಿದಾಗ ಆಕೆ ಜಗಲಿಯ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದಳು. ಕೇಳಿಯಾದ ಮೇಲೆ ಎರಡೇ ಮಾತು ಕೇಳಿದಳು. ಬೇಕಂದಾಗ ವಾಪಸ್ಸು ಕೊಡ್ತಾರಾ? ನೀವು ಹಾಕಿದೀರಾ? ಎರಡಕ್ಕೂ ಹೌದು ಎಂದಾಗ ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆರಳು ಮುಂದೆ ಚಾಚಿದಳು. ಇಡೀ ಜಯನಗರದಲ್ಲಿ ಯಾರಿಗೂ ಹೊಳೆಯದ ಎರಡು ಪ್ರಶ್ನೆ ಎಂದು ಗುಂಡಣ್ಣನವರು ರಾತ್ರಿ ಊಟಕ್ಕೆ ಕೂತಾಗಲೂ ಹೇಳಿಕೊಂಡರು. ಅವರು ಭರ್ತಿ ಮಾಡಿಸಿದ ಅರ್ಜಿಗಳಲ್ಲೆಲ್ಲ ಅದೇ ದೊಡ್ಡದು. ಅದರಿಂದ ಬಂದ ಕಮಿಷನ್ನಿನಲ್ಲಿ ಒಂದು ಒಳ್ಳೆಯ ಕೊಡೆ ಕೊಂಡರು.

ಯೂನಿಟ್ಟಿನ ಸರ್ಟಿಫಿಕೇಟು ಗುಂಡಣ್ಣನವರ ವಿಳಾಸಕ್ಕೇ ಬಂದಿತ್ತು, ಅವರೇ ಕೈಯಾರೆ ಆಕೆಗೆ ಕೊಟ್ಟಿದ್ದರು. ಆಮೇಲೆ ಅವರಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಯಾರ ದುಡ್ಡೋ ಅವರ ಬಾಗಿಲಿಗೇ ಹೋಗಬೇಕು, ನಡುವೆ ಮೂರನೆಯವನ ಕೈ ಇರಬಾರದು ಎನ್ನುವುದು ಲೆಕ್ಕಪತ್ರದ ಕಚೇರಿಯಲ್ಲಿ ಹತ್ತಿದ ಅಭ್ಯಾಸ. ಬೊಂಬಾಯಿಗೆ ಬರೆದು ಆಕೆಯ ವಿಳಾಸವನ್ನು ಮಾರೇನಹಳ್ಳಿಗೆ ಬದಲಾಯಿಸಿದರು. ಡಿವಿಡೆಂಡು ರಿಜಿಸ್ಟರ್ಡಿನಲ್ಲಿ ಬರಲಿ ಎಂದೂ ಕೇಳಿಕೊಂಡರು.

ಮುಂದಿನ ವರ್ಷ ಗಣೇಶನ ಹಬ್ಬ ಕಳೆದು ಒಂದು ವಾರಕ್ಕೆ ಮುನಿಲಕ್ಷ್ಮಮ್ಮ ಬುಟ್ಟಿಯಿಲ್ಲದೆ ಬಂದಳು. ಜೊತೆಗೆ ಮೈದುನ ಬೈರಣ್ಣ ಇದ್ದ. ಗರಿಗರಿ ಪಂಚೆ, ಕೈಗೆ ಗಡಿಯಾರ. ತನ್ನ ಪಾಲಿನ ಪರಿಹಾರವನ್ನೆಲ್ಲ ಗುರುಶಾಂತಪ್ಪ ಎಂಬುವನ ಚೀಟಿಗೆ ಹಾಕಿ ತಿಂಗಳಿಗಿಷ್ಟು ಎಂದು ಎಣಿಸಿಕೊಳ್ಳುತ್ತಿದ್ದ ಮನುಷ್ಯ. ಮಾತಾಡಿದ್ದೆಲ್ಲ ಅವನೇ. ಎಲ್ಲರಿಗೂ ಯೂನಿಟ್ಟಿನ ದುಡ್ಡು ಬಂದಿದೆಯಂತೆ, ಅತ್ತಿಗೆಗೆ ಮಾತ್ರ ಬಂದಿಲ್ಲ. ಕಾಗದ ತೋರಿಸಿ ದುಡ್ಡು ನುಂಗುವುದು ಅವನು ನೋಡದ ಆಟವೇನಲ್ಲ. ದೀಪಾವಳಿಯವರೆಗೆ ನೋಡುತ್ತಾನೆ. ಅಷ್ಟರೊಳಗೆ ಬಾರದಿದ್ದರೆ ಮೂರು ಸಾವಿರವನ್ನೂ ವಾಪಸ್ಸು ತೆಗೆಸಿ ಗುರುಶಾಂತಪ್ಪನ ಕೈಗೆ ಕೊಡಿಸುತ್ತಾನೆ. ಮುನಿಲಕ್ಷ್ಮಮ್ಮ ನೆಲ ನೋಡುತ್ತಾ ನಿಂತಿದ್ದಳು. ಹೋಗುವಾಗ ಮಾತ್ರ, "ಒಸಿ ನೋಡಿ ಸಾಮಿ. ಬೈರ ದಿನಾ ಜೀವ ತಿಂತವ್ನೆ," ಎಂದಳು.

ಗುಂಡಣ್ಣನವರ ಮೈಯೆಲ್ಲ ಉರಿಯಿತು. ಗುರುಶಾಂತಪ್ಪನ ಚೀಟಿ ಎಂದರೆ ಏನು? ಒಂದು ಕಬ್ಬಿಣದ ಪೆಟ್ಟಿಗೆ, ಒಂದು ನೋಟು ಪುಸ್ತಕ, ಗುರುಶಾಂತಪ್ಪನ ನಗುಮುಖ. ಅವನು ಒಂದು ರಾತ್ರಿ ಬಸ್ಸು ಹತ್ತಿದರೆ ಮೂರು ಹಳ್ಳಿಯ ಪರಿಹಾರ ಅವನ ಜೊತೆ ಬಸ್ಸು ಹತ್ತುತ್ತದೆ. ಅದಕ್ಕೆ ಜನ ಕ್ಯೂ ನಿಲ್ಲುತ್ತಾರೆ. ಸರ್ಕಾರ ನೆಟ್ಟಗೆ ಒಂದು ವ್ಯವಸ್ಥೆ ಮಾಡಿದರೆ ನೂರೆಂಟು ಅನುಮಾನ. ಅವರು ಅಂದೇ ಕೂತು ಬೊಂಬಾಯಿಗೆ ಎರಡು ಪುಟದ ಕಾಗದ ಬರೆದು, ನಕಲು ಇಟ್ಟುಕೊಂಡು, ತಾವೇ ಅಂಚೆಗೆ ಹಾಕಿ ಬಂದರು.

ಗಡಿಯಲ್ಲಿ ಯುದ್ಧ ನಡೆಯುತ್ತಿದ್ದ ತಿಂಗಳು ಅದು. ಉತ್ತರ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಉತ್ತರದಲ್ಲಿ ಇದ್ದದ್ದು ನಾಲ್ಕೇ ಸಾಲು. ಮುನ್ನೂರು ಯೂನಿಟ್ಟಿನ ಡಿವಿಡೆಂಡು ನೂರ ಎಂಬತ್ತಮೂರು ರೂಪಾಯಿಯನ್ನು ಆಗಸ್ಟಿನಲ್ಲೇ ರಿಜಿಸ್ಟರ್ಡು ಲಕೋಟೆಯಲ್ಲಿ ಕಳಿಸಲಾಗಿತ್ತು. ವಿಳಾಸದಾರರು ನಿರಾಕರಿಸಿದ್ದಾರೆ ಎಂಬ ಷರಾದೊಂದಿಗೆ ಅದು ವಾಪಸ್ಸು ಬಂದಿದೆ. ವಿಳಾಸ ಸರಿಯೆಂದು ಖಚಿತಪಡಿಸಿದರೆ ಮತ್ತೆ ಕಳಿಸಲಾಗುವುದು.

ನಿರಾಕರಿಸಿದ್ದಾರೆ! ಗುಂಡಣ್ಣನವರು ಕಾಗದವನ್ನು ಮೂರು ಸಲ ಓದಿದರು. ದುಡ್ಡು ಬರಲಿಲ್ಲ ಎಂದು ಮನೆಗೆ ಬಂದು ಜಗಳ ಕಾಯುವುದು. ಬಾಗಿಲಿಗೆ ಬಂದ ದುಡ್ಡನ್ನು ಬೇಡವೆಂದು ಕಳಿಸುವುದು. ಇಂಥವರನ್ನು ಇಟ್ಟುಕೊಂಡು ಈ ದೇಶ ಉದ್ಧಾರವಾಗುವುದು ಯಾವಾಗ ಎಂದು ಅಡುಗೆಮನೆಯತ್ತ ಮುಖ ಮಾಡಿ ಕೇಳಿದರು. ಸರಸ್ವತಿಯವರು ಸಾರಿಗೆ ಒಗ್ಗರಣೆ ಹಾಕುತ್ತಾ, ಮೊದಲು ಪೋಸ್ಟ್‌ಮ್ಯಾನನ್ನ ಕೇಳಿ ಎಂದರು.

ಪೋಸ್ಟ್‌ಮ್ಯಾನ್ ರಾಮಯ್ಯ ಹನ್ನೊಂದು ಗಂಟೆಗೆ ಸೈಕಲ್ಲು ತಳ್ಳಿಕೊಂಡು ಬಂದ. ನಾಲ್ಕನೇ ಬ್ಲಾಕೂ ಮಾರೇನಹಳ್ಳಿಯೂ ಅವನದೇ ಬೀಟು. ಗುಂಡಣ್ಣನವರು ಅವನನ್ನು ಗೇಟಿನಲ್ಲೇ ತಡೆದು ವಿಚಾರಿಸಿದರು. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಆ ಊರಲ್ಲಿ ರಿಜಿಸ್ಟರ್ಡು ಯಾರು ತಗೋತಾರೆ ಸಾರ್? ನನ್ನ ಸೈಕಲ್ ಬೆಲ್ ಕೇಳಿದ್ರೇ ಬಾಗಿಲು ಹಾಕ್ಕೋತಾರೆ," ಎಂದ. ಜಮೀನು ಹೋಗುವ ನೋಟೀಸುಗಳು ಬರಲು ಶುರುವಾದಾಗಿನಿಂದ ಅಲ್ಲಿ ಅದೇ ಪದ್ಧತಿ. ಹೆಬ್ಬೆಟ್ಟು ಒತ್ತಿ ತೆಗೆದುಕೊಂಡರೆ ತಾನೆ ಹೊಲ ಹೋಗುವುದು, ಒತ್ತದಿದ್ದರೆ ಯಾರೇನು ಮಾಡಿಯಾರು ಎಂದು ಊರಿಗೆ ಊರೇ ತೀರ್ಮಾನ ಮಾಡಿಬಿಟ್ಟಿದೆ. ಪೋಲೀಸು ಕೆಲಸಕ್ಕೆ ಅರ್ಜಿ ಹಾಕಿದ್ದ ಹುಡುಗನೊಬ್ಬನ ನೇಮಕದ ಆರ್ಡರನ್ನು ಅವನ ತಾಯಿಯೇ ವಾಪಸ್ಸು ಕಳಿಸಿದ್ದಾಳೆ. ಬಂದಾಗ ದುಡ್ಡು ಕಟ್ಟುತ್ತೇನೆಂದು ಯಾರೋ ವಿ.ಪಿ.ಯಲ್ಲಿ ತರಿಸಿದ್ದ ಮೂಲವ್ಯಾಧಿಯ ಲೇಹ್ಯವೂ ಹಾಗೇ ಮರಳಿ ಹೋಗಿದೆ.

ಮರುದಿನ ಬೆಳಗ್ಗೆ ಗುಂಡಣ್ಣನವರು ಕೊಡೆ ಹಿಡಿದು, ಕರೀ ಚೀಲ ಹಾಕಿಕೊಂಡು ಮಾರೇನಹಳ್ಳಿಗೆ ನಡೆದರು. ಮುನಿಲಕ್ಷ್ಮಮ್ಮ ಬಾವಿಯ ಪಕ್ಕದಲ್ಲಿ ದಂಟಿನ ಸೊಪ್ಪು ಕಿತ್ತು ಕಂತೆ ಕಟ್ಟುತ್ತಿದ್ದಳು. ಹೊಲದಲ್ಲಿ ರಾಗಿ ತೆನೆ ಕಟ್ಟಿತ್ತು, ಸಾಲಿನಲ್ಲಿ ಅವರೆ ಹೂ ಬಿಟ್ಟಿತ್ತು. ಅವರಿಗೆ ಅದನ್ನೆಲ್ಲ ನೋಡುವ ತಾಳ್ಮೆ ಇರಲಿಲ್ಲ. ಬೊಂಬಾಯಿಯ ಕಾಗದವನ್ನು ಬಿಚ್ಚಿ ಹಿಡಿದು, ಇದೇನಮ್ಮ ನೀನು ಮಾಡಿರೋದು ಎಂದು ಶುರು ಮಾಡಿದರು.

ಆಕೆ ಮುಚ್ಚಿಡಲಿಲ್ಲ. ಹೌದು, ಕಂದು ಬಣ್ಣದ ಉದ್ದನೆಯ ಲಕೋಟೆ ಬಂದಿತ್ತು, ತಾನು ತೆಗೆದುಕೊಳ್ಳಲಿಲ್ಲ. ಯಾಕೆಂದು ಹೇಳಿದಳು. ಮೊದಲ ಸಲ ಅಂಥದೇ ಲಕೋಟೆ ಬಂದಾಗ ಗಂಡ ಸರ್ಕಾರದ ಕಾಗದ ಎಂದು ಎರಡು ಕೈಯಲ್ಲೂ ಇಸಕೊಂಡಿದ್ದ. ವರ್ಷ ತುಂಬುವುದರೊಳಗೆ ಎರಡು ಎಕರೆಯಲ್ಲಿ ಕಲ್ಲು ನೆಟ್ಟರು. ಪಕ್ಕದ ಬೋರಣ್ಣ ತೆಗೆದುಕೊಳ್ಳಲಿಲ್ಲ, ಅವನ ಹೊಲ ಇವತ್ತಿಗೂ ಇದೆ. ಗಂಡ ಸಾಯುವ ಹಿಂದಿನ ವರ್ಷ ಈ ಹೊಲಕ್ಕೂ ಬಂದಿತ್ತು. ಆ ಸಲ ಗಂಡ ಬಾಗಿಲ ಹಿಂದೆ ನಿಂತು, ನಾನು ಇಲ್ಲ ಅನ್ನು ಎಂದಿದ್ದ. ಆಕೆ ಹಾಗೇ ಅಂದಳು. ಆಮೇಲೆ ಎರಡು ಸಲ ಬಂತು, ಎರಡು ಸಲವೂ ಕಳಿಸಿದಳು. ಆರು ವರ್ಷವಾಯಿತು.

ಬೋರಣ್ಣನ ಹೊಲ ಉಳಿದದ್ದು ರಸ್ತೆ ಆ ಕಡೆ ಹೋಗದೇ ಇದ್ದುದರಿಂದ, ಲಕೋಟೆಯಿಂದಲ್ಲ ಎಂದು ಗುಂಡಣ್ಣನವರು ಹೇಳಿದರು. ತೆಗೆದುಕೊಳ್ಳದಿದ್ದರೆ ಗೋಡೆಗೆ ಅಂಟಿಸಿ ಹೋಗುತ್ತಾರೆ, ಗೆಜೆಟ್ಟಿನಲ್ಲಿ ಹಾಕುತ್ತಾರೆ, ಕಾನೂನಿನ ಪ್ರಕಾರ ಎರಡೂ ಒಂದೇ ಎಂದರು. ಈ ಒಂದು ಎಕರೆಯನ್ನು ನಂಬಿಕೊಂಡು ಕೂರುವ ಕಾಲ ಹೋಯಿತು, ಮಳೆ ಕೈಕೊಟ್ಟರೆ ಹೊಲ ಏನು ಕೊಡುತ್ತದೆ, ಯೂನಿಟ್ಟಾದರೆ ಮಲಗಿದ್ದರೂ ನೂರಕ್ಕೆ ಆರು ಚಿಲ್ಲರೆ ಬರುತ್ತದೆ ಎಂದು ಅದನ್ನೂ ಸೇರಿಸಿದರು. ಬಿಸಿಲು ಏರಿತ್ತು, ಅವರ ದನಿಯೂ ಏರಿತ್ತು. ಮುನಿಲಕ್ಷ್ಮಮ್ಮ ಸೊಪ್ಪಿನ ಕಂತೆಗಳಿಗೆ ನೀರು ಚಿಮುಕಿಸುತ್ತಾ ಕೇಳಿಸಿಕೊಂಡಳು.

"ಬೊಂಬಾಯಿದು ಯಾವ್ದು, ಹೊಲದ್ದು ಯಾವ್ದು ಅಂತ ನಂಗೆ ಎಂಗೆ ಗೊತ್ತಾಯ್ತದೆ ಸಾಮಿ? ಎಲ್ಡೂ ಒಂದೇ ತರ ಇರ್ತವೆ," ಎಂದಳು.

ಇದಕ್ಕೊಂದು ಉಪಾಯ ಹೇಳಬಹುದಿತ್ತು. ಬೊಂಬಾಯಿಯ ಲಕೋಟೆಯ ಮೇಲಿನ ಗುರುತನ್ನು ತೋರಿಸಿಕೊಡಬಹುದಿತ್ತು, ಇಲ್ಲವೇ ರಾಮಯ್ಯನಿಂದ ಓದಿಸಿ ತೆಗೆದುಕೋ ಎನ್ನಬಹುದಿತ್ತು. ಎಲ್ಲಕ್ಕಿಂತ ಸುಲಭವಾಗಿ, ವಿಳಾಸವನ್ನು ಮತ್ತೆ ತಮ್ಮ ಮನೆಗೇ ಬದಲಾಯಿಸಬಹುದಿತ್ತು. ಆದರೆ ಗುಂಡಣ್ಣನವರ ತಲೆಯಲ್ಲಿ ಹೆಡ್‌ಮಾಸ್ಟರ ಐದು ಪೈಸೆ, ಉಮಾಮಹೇಶ್ವರಿಯವರ ಸಿಗರೇಟು, ಬೈರಣ್ಣನ ದೀಪಾವಳಿ ಎಲ್ಲವೂ ಒಟ್ಟಿಗೆ ಗಿರಗಿರ ತಿರುಗುತ್ತಿದ್ದವು. ಸಾಕಾಗಿಹೋಗಿತ್ತು ಅವರಿಗೆ.

"ಗೊತ್ತು ಮಾಡ್ಕೊಳ್ಳೋ ತಲೆನೋವು ನಿನಗ್ಯಾಕಮ್ಮ? ರಿಜಿಸ್ಟರ್ಡು ಬಂದರೆ ಒತ್ತು, ತಗೋ, ನನ್ನ ಹತ್ರ ತಗೊಂಡು ಬಾ. ಮುಗೀತು," ಎಂದರು.

"ಯಾವ್ದು ಬಂದ್ರೂವಾ?"

"ಯಾವುದು ಬಂದರೂ."

ಆಕೆ ಕೈಯಲ್ಲಿದ್ದ ಕಂತೆಯನ್ನು ಬಿಗಿದು ಕಟ್ಟಿ ಪಕ್ಕಕ್ಕಿಟ್ಟಳು. ಆಮೇಲೆ, ನೀವು ಹೇಳಿದ ಮೇಲೆ ಆಯಿತು ಎಂದಳು. ಗುಂಡಣ್ಣನವರಿಗೆ ಅದೂ ಸಾಲದೆ ಕಂಡು, ಮುನೇಶ್ವರನ ಮೇಲೆ ಆಣೆ ಮಾಡಿಸಿಕೊಂಡರು. ಹೊರಡುವಾಗ ಆಕೆ ಒಂದು ಕಂತೆ ದಂಟು ಕೊಡೆಯ ಜೊತೆ ಅವರ ಕೈಗೆ ತುರುಕಿ, ದುಡ್ಡು ಬೇಡವೆಂದಳು.

ಮನೆಗೆ ಬಂದವರೇ ವಿಳಾಸ ಸರಿಯಾಗಿದೆ, ದಯವಿಟ್ಟು ಕೂಡಲೇ ಕಳಿಸಿ ಎಂದು ಬೊಂಬಾಯಿಗೆ ಬರೆದರು. ಆಮೇಲೆ ದಿನ ಎಣಿಸತೊಡಗಿದರು. ಜೀವಮಾನದಲ್ಲಿ ಅವರು ಯಾವ ದೀಪಾವಳಿಗೂ ಹಾಗೆ ಎಣಿಸಿದ್ದಿಲ್ಲ. ಮೂರು ಸಾವಿರ ಗುರುಶಾಂತಪ್ಪನ ಪೆಟ್ಟಿಗೆಗೆ ಬಿದ್ದರೆ ಆ ಹೆಂಗಸಿನ ಗತಿ ಏನು ಎನ್ನುವುದು ಒಂದು ಚಿಂತೆ. ತನ್ನ ಮಾತಿಗೆ ಹೆಬ್ಬೆಟ್ಟು ಒತ್ತಿದವಳ ಮುಂದೆ ತಾನು ಸುಳ್ಳನಾಗಬಾರದು ಎನ್ನುವುದು ಅದಕ್ಕಿಂತ ದೊಡ್ಡ ಚಿಂತೆ. ರಾಮಯ್ಯ ಗೇಟಿನ ಮುಂದೆ ಹಾದಾಗಲೆಲ್ಲ ಬಂತೇನಯ್ಯಾ ಎಂದು ಕೇಳುವರು. ಇನ್ನೂ ಇಲ್ಲ ಸಾರ್ ಎಂದು ಅವನು ಹೋಗುವನು. ಹಬ್ಬ ಹತ್ತಿರವಾದಾಗ ರಾಮಯ್ಯ ರಜೆ ಹಾಕಿ ಊರಿಗೆ ಹೋದ. ಬದಲಿಗೆ ಬಂದವನಿಗೆ ಈ ಕತೆಯೊಂದೂ ಗೊತ್ತಿರಲಿಲ್ಲ.

ಹಬ್ಬಕ್ಕೆ ಮೂರು ದಿನ ಇತ್ತು. ಬೆಳಗ್ಗೆ ಏಳೂವರೆಗೆ ಗೇಟು ಸದ್ದಾಯಿತು. ಮುನಿಲಕ್ಷ್ಮಮ್ಮ ಸೊಪ್ಪಿನ ಬುಟ್ಟಿ ಹೊತ್ತು, ಎಂದೂ ಇಲ್ಲದ ಒಗೆದ ಸೀರೆ ಉಟ್ಟು, ನಗುತ್ತಾ ಬರುತ್ತಿದ್ದಳು. ಬುಟ್ಟಿ ಇಳಿಸಿದವಳೇ ಸೊಂಟದ ಮಡಿಲಿನಿಂದ ಕಂದು ಲಕೋಟೆ ತೆಗೆದು ಎರಡು ಕೈಯಲ್ಲೂ ಹಿಡಿದು ಕೊಟ್ಟಳು.

"ತಕ್ಕಂಡೆ ಸಾಮಿ. ಬೈರ ಬ್ಯಾಡ ಬ್ಯಾಡ ಅಂದ. ಗುಂಡಣ್ಣ ಸಾಮೇರು ಯೋಳವ್ರೆ ಅಂತ ನಾನೇ ಒತ್ತಿದೆ. ನಿಮ್ಮ ಕೈಯಲ್ಲೇ ಒಡೀಬೇಕು ಅಂತ ಅಂಗೇ ಮಡಗಿದೀನಿ."

ಗುಂಡಣ್ಣನವರಿಗೆ ಎದೆಯ ಮೇಲಿನ ಚಪ್ಪಡಿ ಎತ್ತಿದಂತಾಯಿತು. ಸರಸೂ, ಮುನಿಲಕ್ಷ್ಮಮ್ಮನಿಗೂ ಒಂದು ಲೋಟ ಕಾಫಿ ಎಂದು ಕೂಗಿ ಹೇಳಿ, ಕನ್ನಡಕ ಹಾಕಿಕೊಂಡರು. ಆಕೆ ಮೆಟ್ಟಿಲ ಮೇಲೆ ಕೂತು ತನ್ನ ಲೆಕ್ಕ ಹೇಳುತ್ತಿದ್ದಳು. ಅಂಜನಮ್ಮನಿಗೆ ಹಬ್ಬಕ್ಕೊಂದು ಸೀರೆ ತೆಗೆಯುತ್ತಾಳೆ. ಬಾವಿಯ ರಾಟೆ ಮುರಿದಿದೆ, ಹೊಸದು ಹಾಕಿಸುತ್ತಾಳೆ. ಮಿಕ್ಕದ್ದರಲ್ಲಿ ಹತ್ತು ರೂಪಾಯಿ ಬೈರನ ಎದುರಿಗೇ ಮುನೇಶ್ವರನ ಹುಂಡಿಗೆ ಹಾಕುತ್ತಾಳೆ, ಅವನು ನೋಡಲಿ. ಗುಂಡಣ್ಣನವರು ಲಕೋಟೆಯ ಅಂಚನ್ನು ನೀಟಾಗಿ ಹರಿದು ಒಳಗಿನ ಹಾಳೆ ಬಿಡಿಸಿದರು.

ಹಾಳೆ ಬೊಂಬಾಯಿಯದಾಗಿರಲಿಲ್ಲ. ಮೇಲೆ ಭೂಸ್ವಾಧೀನದ ಕಚೇರಿಯ ಹೆಸರಿತ್ತು. ಕೆಳಗೆ ಗ್ರಾಮ ಮಾರೇನಹಳ್ಳಿ, ಸರ್ವೆ ನಂಬರು, ವಿಸ್ತೀರ್ಣ ಒಂದು ಎಕರೆ ಹನ್ನೆರಡು ಗುಂಟೆ, ಬಾವಿ ಒಂದು. ಬಡಾವಣೆಯ ಮುಂದಿನ ಹಂತಕ್ಕೆ ಬೇಕಾಗಿದೆ. ತಕರಾರು ಇದ್ದಲ್ಲಿ ಮೂವತ್ತು ದಿನದೊಳಗೆ ಹಾಜರಾಗತಕ್ಕದ್ದು. ಸರ್ಕಾರಿ ಕಾಗದ ಓದಿ ಓದಿ ಸವೆದ ಕಣ್ಣು ಅವರದು. ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಆದರೂ ಮೇಲಿನಿಂದ ಕೆಳಗಿನವರೆಗೆ ಇನ್ನೊಂದು ಸಲ ಓದಿದರು, ಬೇರೇನಾದರೂ ಇದ್ದೀತೇನೋ ಎಂಬಂತೆ.

"ಎಷ್ಟಯ್ತೆ ಸಾಮಿ?" ಎಂದಳು ಮುನಿಲಕ್ಷ್ಮಮ್ಮ.

ಸರಸ್ವತಿಯವರು ಕಾಫಿ ತಂದು ಆಕೆಯ ಪಕ್ಕದಲ್ಲಿಟ್ಟು, ಗಂಡನ ಮುಖ ನೋಡಿ ಅಲ್ಲೇ ನಿಂತರು. ಇದು ಬೊಂಬಾಯಿಯದಲ್ಲಮ್ಮ ಎಂದು ಗುಂಡಣ್ಣನವರು ಕೊನೆಗೆ ಹೇಳಿದರು. ಹಾಗಾದರೆ ಏನು ಎಂದು ಆಕೆ ಕೇಳಲಿಲ್ಲ. ಅವರ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು, ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ನಿನ್ನೆಯ ನೀಲಿ ಮಸಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

"ಹೊಲದ್ದಾ?"

"ಹೂಂ."

"ನಾನು ತಕ್ಕಳ್ದೆ ಇದ್ದಿದ್ರೆ?"

ಇದಕ್ಕೆ ಉತ್ತರ ಗುಂಡಣ್ಣನವರ ನಾಲಗೆಯ ತುದಿಯಲ್ಲೇ ಇತ್ತು. ಅದನ್ನೇ ಹೇಳಿದರು. ತೆಗೆದುಕೊಳ್ಳದೇ ಇದ್ದಿದ್ದರೂ ಗೋಡೆಗೆ ಅಂಟಿಸುತ್ತಿದ್ದರು, ಗೆಜೆಟ್ಟಿನಲ್ಲಿ ಹಾಕುತ್ತಿದ್ದರು, ಇವತ್ತಲ್ಲದಿದ್ದರೆ ನಾಳೆ ಹೋಗುವುದೇ, ಲಕೋಟೆಯಿಂದ ಏನೂ ವ್ಯತ್ಯಾಸವಿಲ್ಲ. ಪ್ರತಿಯೊಂದು ಮಾತೂ ನಿಜ. ಯಾವ ಕೋರ್ಟಿನಲ್ಲಿ ನಿಂತು ಬೇಕಾದರೂ ಹೇಳಬಹುದಾದ ಮಾತು.

"ಆರು ವರ್ಸ ಓಗಿರ್ನಿಲ್ವಲ್ಲ ಸಾಮಿ," ಎಂದಳು ಆಕೆ. ಆಕ್ಷೇಪಣೆಯ ದನಿಯೇ ಅಲ್ಲ ಅದು. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳಿದ ಹಾಗಿತ್ತು.

ಗುಂಡಣ್ಣನವರು ಜೀವನವಿಡೀ ಲೆಕ್ಕ ಮಾಡಿದವರು. ಬೇಡವೆಂದರೂ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಆರು ವರ್ಷ, ವರ್ಷಕ್ಕೊಂದು ಬೆಳೆ ರಾಗಿ, ಕಾಲಕ್ಕೆ ಅವರೆ, ದಿನ ಬಿಟ್ಟು ದಿನ ಒಂದು ಬುಟ್ಟಿ ಸೊಪ್ಪು. ಹೂಡಿದ ಬಂಡವಾಳ ಏನು? ಪೋಸ್ಟ್‌ಮ್ಯಾನ್ ಬಂದಾಗ ಬಾಗಿಲು ಹಾಕಿಕೊಂಡದ್ದು. ಅವರ ಕರೀ ಚೀಲದಲ್ಲಿದ್ದ ಯಾವ ಕಾಗದವೂ ಇದರ ಹತ್ತಿರಕ್ಕೆ ಬರುತ್ತಿರಲಿಲ್ಲ. ಆ ಹೆಂಗಸು ಬದುಕಿನಿಂದ ಕಲಿತಿದ್ದ ಒಂದೇ ಒಂದು ಪಾಠವನ್ನು ಅವರು ಬೈದು, ಆಣೆ ಹಾಕಿಸಿ ಮರೆಸಿದ್ದರು.

ಮೂವತ್ತು ದಿನ ಇದೆ, ನಾನು ತಕರಾರು ಬರೆದುಕೊಡುತ್ತೇನೆ, 'ಒಬ್ಬ ವಿಧವೆ, ಜೀವನಕ್ಕೆ ಬೇರೆ ಆಧಾರವಿಲ್ಲ' ಎಂದು ಕೇಳೋಣ ಎಂದರು. ತಮ್ಮ ದನಿ ತಮಗೇ ಯಾರದೋ ಅನಿಸಿತು. ಆಕೆ ತಲೆಯಾಡಿಸಿದಳು. ಕಾಫಿ ಕುಡಿದು, ಲೋಟವನ್ನು ನಲ್ಲಿಯಲ್ಲಿ ತೊಳೆದು ಬೋರಲು ಹಾಕಿದಳು. ಸರಸ್ವತಿಯವರಿಗೆ ಎರಡು ಕಂತೆ ದಂಟು ತೆಗೆದುಕೊಟ್ಟು, ನಾಲ್ಕಾಣೆ ಇಸಕೊಂಡು ಸೆರಗಿಗೆ ಗಂಟು ಹಾಕಿದಳು. ಬುಟ್ಟಿ ತಲೆಗೇರಿಸಿಕೊಂಡ ಮೇಲೆ ಏನೋ ನೆನಪಾದವಳಂತೆ ಗೇಟಿನ ಹತ್ತಿರ ನಿಂತಳು.

"ಇದ್ಕೂ ದುಡ್ಡು ಕೊಡ್ತಾರಲ್ವಾ ಸಾಮಿ? ಬಂದಾಗ ಅದ್ನೂ ಯೂನಿಟ್ಗೇ ಬರ್ಕೊಂಬಿಡಿ. ಬೈರನ ಕೈಗೆ ಸಿಕ್ಕೋದು ಬ್ಯಾಡ."

ಆಕೆ ಬೈದಿದ್ದರೆ ಗುಂಡಣ್ಣನವರು ಬಾಯಿ ಮುಚ್ಚಿಕೊಂಡು ಬೈಸಿಕೊಳ್ಳುತ್ತಿದ್ದರು. ಕೋಪ ಮಾಡಿಕೊಳ್ಳೋಣವೆಂದರೆ ಹೆಡ್‌ಮಾಸ್ಟರ ಮೇಲಾಗಲಿ, ಬೈರಣ್ಣನ ಮೇಲಾಗಲಿ, ಆ ಹಳ್ಳಿಯ ಮೇಲಾಗಲಿ ಇವತ್ತು ಬರುತ್ತಲೇ ಇರಲಿಲ್ಲ. ಕರೀ ಚೀಲ ಗೋಡೆಯ ಮೊಳೆಗೆ ತೂಗುಹಾಕಿದ್ದಲ್ಲೇ ಇತ್ತು. ಪಕ್ಕದಲ್ಲಿ ಕೊಡೆ ಇತ್ತು. ಸರಸ್ವತಿಯವರು ಸೊಪ್ಪು ತೆಗೆದುಕೊಂಡು ಒಳಗೆ ಹೋದರು. ಗುಂಡಣ್ಣನವರು ಬಿಡಿಸಿದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು.

ಕಾಂಪೌಂಡಿನಾಚೆ ಮಫ್ಲರು ಸುತ್ತಿದ ತಲೆ ಎದ್ದಿತು.

"ಗುಂಡಣ್ಣ, ಇವತ್ತು ಎಷ್ಟಾಗಿದೆ?"

"ಒಂದು ಎಕರೆ ಹನ್ನೆರಡು ಗುಂಟೆ," ಎಂದರು ಗುಂಡಣ್ಣನವರು.

ರಾಮಪ್ರಸಾದರು ಕಿವಿಯ ಮೇಲಿನ ಮಫ್ಲರು ಸರಿಸಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, "ಅದೆಲ್ಲ ಇರಲಿ, ಏರಿದೆಯೋ ಇಳಿದಿದೆಯೋ ಅದನ್ನ ಹೇಳಿ," ಎಂದರು.